ಎರಡು ಬಿಂಬ ತಾಳೆಯಾದರೆ ಒಂದು ಚಿತ್ರ

“ತಾತ, ಇದಕ್ಕೆ ಚಾರ್ಜರ್ ಎಲ್ಲಿ?”

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಕುಂದಲಹಳ್ಳಿ ಮನೆಯ ಅಟ್ಟ ಗುಡಿಸುವಾಗ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ಏಳನೇ ತರಗತಿಯ ಹುಡುಗಿ. ಅವಳ ಕೈಯಲ್ಲಿ ಕಂದು ಬಣ್ಣದ ಚರ್ಮದ ಚೀಲ, ಅದರೊಳಗೆ ಅರ್ಧ ಕಿಲೋಗಿಂತ ಹೆಚ್ಚು ತೂಗುವ ಲೋಹದ ಕ್ಯಾಮೆರಾ.

“ಇದಕ್ಕೆ ಚಾರ್ಜರ್ ಬೇಡಮ್ಮ. ಬ್ಯಾಟರಿಯೇ ಇಲ್ಲ.”

“ಮತ್ತೆ ಸ್ಕ್ರೀನು?”

“ಅದೂ ಇಲ್ಲ.”

“ತೆಗೆದ ಫೋಟೋ ನೋಡೋದು ಹೇಗೆ?”

“ಮೂವತ್ತಾರೂ ತೆಗೆದು ಮುಗಿಸಬೇಕು. ಆಮೇಲೆ ರೀಲು ತೊಳೆಸಬೇಕು. ಅಲ್ಲಿಯವರೆಗೆ ಕಾಯಬೇಕು.”

ಅವಳು ಕ್ಯಾಮೆರಾವನ್ನೂ ನನ್ನನ್ನೂ ಒಂದೇ ರೀತಿಯ ಕನಿಕರದಿಂದ ನೋಡಿದಳು. ಇಬ್ಬರೂ ಹಳಬರೇ ತಾನೆ! ಆದರೆ ಕಿಟಕಿಯಲ್ಲಿ ಕಣ್ಣಿಟ್ಟು ಲೆನ್ಸ್ ತಿರುಗಿಸಿದ ಮೇಲೆ ಅವಳ ಮಾತು ನಿಂತಿತು. “ತಾತ, ಇದರಲ್ಲಿ ನೀವು ಇಬ್ಬರಿದ್ದೀರಿ” ಎಂದಳು. ಇನ್ನಷ್ಟು ತಿರುಗಿಸಿ, “ಈಗ ಒಬ್ಬರೇ ಆದಿರಿ!” ಎಂದು ಕುಣಿದಳು.

ಅಜ್ಜ ಅಜ್ಜಿಯರಲ್ಲಿ ಕೆಲವರಿಗಾದರೂ ಇದರ ಗುಟ್ಟು ಗೊತ್ತಿರುತ್ತದೆ. ಮಕ್ಕಳಿಗೆ ನಾನು ಹೇಳುತ್ತೇನೆ. ಇದರ ಹೆಸರು ರೇಂಜ್‌ಫೈಂಡರ್ ಕ್ಯಾಮೆರಾ. ಅಂದರೆ ದೂರವನ್ನು ಕಂಡುಹಿಡಿಯುವ ಕ್ಯಾಮೆರಾ. ಇದರ ಗುಣವನ್ನೂ ಹೇಳುತ್ತೇನೆ, ದೋಷವನ್ನೂ ಹೇಳುತ್ತೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಜಮೆ ಮಾತ್ರ ಬರೆದು ಖರ್ಚು ಮುಚ್ಚಿಡುವ ಅಭ್ಯಾಸವಿಲ್ಲ.

ಮಾವ ತಂದ ಜೋರ್ಕಿ

ನನ್ನ ಸೋದರಮಾವ ಎಚ್.ಎ.ಎಲ್. ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ವಿಮಾನಪುರದಲ್ಲಿ ಮನೆ. 1966ರಲ್ಲಿ ತರಬೇತಿಗೆಂದು ರಷ್ಯಾಕ್ಕೆ ಹೋದವರು ಬರುವಾಗ ಈ ಕ್ಯಾಮೆರಾ ತಂದರು. ಹೆಸರು ಜೋರ್ಕಿ-4. ರಷ್ಯನ್ ಭಾಷೆಯಲ್ಲಿ ಜೋರ್ಕಿ ಎಂದರೆ ಚುರುಕು ಕಣ್ಣಿನವನು ಎಂದು ಅರ್ಥ. ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆ ಇದನ್ನು 1956ರಿಂದ 1973ರವರೆಗೆ ಲಕ್ಷಗಟ್ಟಲೆ ತಯಾರಿಸಿತು.

ಇದರ ವಂಶವೃಕ್ಷ ಸ್ವಾರಸ್ಯವಾದದ್ದು. ಜರ್ಮನಿಯ ವೆಟ್ಸ್ಲಾರ್ ಎಂಬ ಊರಿನ ಸೂಕ್ಷ್ಮದರ್ಶಕ ಕಾರ್ಖಾನೆಯಲ್ಲಿ ಓಸ್ಕರ್ ಬಾರ್ನಾಕ್ ಎಂಬ ಯಂತ್ರತಜ್ಞನಿದ್ದ. ಅವನಿಗೆ ಉಬ್ಬಸ. ಆಗಿನ ದೊಡ್ಡ ಕ್ಯಾಮೆರಾ, ಗಾಜಿನ ಫಲಕಗಳನ್ನು ಹೊತ್ತು ಗುಡ್ಡ ಹತ್ತಲು ಆಗುತ್ತಿರಲಿಲ್ಲ. ಸಿನಿಮಾ ತೆಗೆಯುವ 35 ಮಿಲಿಮೀಟರ್ ಫಿಲ್ಮನ್ನೇ ಬಳಸಿ ಕೋಟಿನ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಮಾಡಿದರೆ ಹೇಗೆ ಎಂದು ಯೋಚಿಸಿದ. ಹಾಗೆ ಹುಟ್ಟಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂತು. 1932ರಲ್ಲಿ ಅದರೊಳಗೆ ದೂರ ಅಳೆಯುವ ಯಂತ್ರವೂ ಸೇರಿತು.

ಇನ್ನು ಮಕ್ಕಳು ಕೇಳಲೇಬೇಕಾದ ಸಂಗತಿ. ಈಗ ಉಕ್ರೇನ್‌ನಲ್ಲಿರುವ ಖಾರ್ಕಿವ್ ನಗರದಲ್ಲಿ ಆಗ ಅನಾಥ ಮಕ್ಕಳ ಒಂದು ಆಶ್ರಯಧಾಮವಿತ್ತು. ಅಂತೋನ್ ಮಕರೆಂಕೊ ಎಂಬ ಪ್ರಸಿದ್ಧ ಶಿಕ್ಷಕ ಅದನ್ನು ನಡೆಸುತ್ತಿದ್ದ. ಅಲ್ಲಿನ ಹುಡುಗ ಹುಡುಗಿಯರು ಓದಿನ ಜತೆಗೆ ಕೈಕೆಲಸವನ್ನೂ ಕಲಿಯುತ್ತಿದ್ದರು. ಮೊದಲು ವಿದ್ಯುತ್ ಡ್ರಿಲ್ ಯಂತ್ರ ತಯಾರಿಸಿದರು. ಆಮೇಲೆ ಲೈಕಾ ಕ್ಯಾಮೆರಾದ ಒಂದೊಂದು ತಿರುಪನ್ನೂ ಬಿಚ್ಚಿ ನೋಡಿ, ಅದರ ಪಡಿಯಚ್ಚನ್ನು ಮಾಡಿ, 1934ರ ಹೊತ್ತಿಗೆ ‘ಫೆಡ್’ ಎಂಬ ಹೆಸರಿನಲ್ಲಿ ಹೊರತಂದರು. ಆ ಫೆಡ್‌ನಿಂದ ಮುಂದೆ ಬಂದದ್ದೇ ಜೋರ್ಕಿ. ಬೀದಿಯಲ್ಲಿ ಅಲೆಯುತ್ತಿದ್ದ ಮಕ್ಕಳ ಕೈಯಲ್ಲಿ ಕೂದಲೆಳೆಯಷ್ಟೂ ತಪ್ಪಬಾರದ ಯಂತ್ರ ತಯಾರಾಯಿತು!

ಬೆರಳೊಂದು ಜಿಗಿಯಿತು

ಈಗ ಒಂದು ಪ್ರಯೋಗ. ಮಕ್ಕಳೇ, ಮೂಗಿನ ನೇರಕ್ಕೆ ತೋರುಬೆರಳು ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿಯುತ್ತದೆ. ಕೈ ಚಾಚಿ ಬೆರಳನ್ನು ದೂರಕ್ಕೆ ಒಯ್ದರೆ ಜಿಗಿತ ಕಡಿಮೆಯಾಗುತ್ತದೆ. ಎದುರು ಮನೆಯ ನೀರಿನ ಟ್ಯಾಂಕು ಜಿಗಿಯುವುದೇ ಇಲ್ಲ. ಅಂದರೆ, ಜಿಗಿತ ಎಷ್ಟೆಂದು ಗೊತ್ತಾದರೆ ದೂರ ಎಷ್ಟೆಂದು ಹೇಳಬಹುದು.

ಕ್ಯಾಮೆರಾದ ನೆತ್ತಿಯಲ್ಲಿಯೂ ಹೀಗೆ ಎರಡು ಕಣ್ಣುಗಳಿವೆ. ಜೋರ್ಕಿಯಲ್ಲಿ ಅವುಗಳ ನಡುವೆ ಸುಮಾರು ನಾಲ್ಕು ಸೆಂಟಿಮೀಟರ್ ಅಂತರ. ಒಂದು ಕಿಟಕಿಯ ನೋಟ ನೇರವಾಗಿ ನಮ್ಮ ಕಣ್ಣಿಗೆ ಬರುತ್ತದೆ. ಇನ್ನೊಂದರ ನೋಟ ಒಳಗೆ ತಿರುಗಿ, ಅರ್ಧ ಬೆಳ್ಳಿ ಲೇಪವಿರುವ ಗಾಜಿನ ಮೇಲೆ ಬಿದ್ದು, ನಟ್ಟನಡುವೆ ಸಣ್ಣ ಮಬ್ಬು ವೃತ್ತವಾಗಿ ಕಾಣುತ್ತದೆ. ಲೆನ್ಸ್ ತಿರುಗಿಸಿದಂತೆ ಒಂದು ಸನ್ನೆ ಅದರ ಜತೆ ಅಲುಗಿ ಆ ಎರಡನೇ ಬಿಂಬವನ್ನು ಸರಿಸುತ್ತದೆ. ಎರಡು ಬಿಂಬ ಒಂದರ ಮೇಲೊಂದು ಸರಿಯಾಗಿ ಕೂತ ಕ್ಷಣ ಲೆನ್ಸ್ ಆ ದೂರಕ್ಕೆ ಹೊಂದಿಕೊಂಡಿತು ಎಂದು ಅರ್ಥ. ಆಗ ಗುಂಡಿ ಒತ್ತಬೇಕು.

ಇದು ಭೂಮಾಪನದ ಲೆಕ್ಕವೇ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಮ್ಮ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಹಿಡಿದು ಸುಮಾರು ಏಳು ಮೈಲಿ ಉದ್ದದ ಆಧಾರರೇಖೆಯನ್ನು ಅಳೆದ. ರೇಖೆಯ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನ ಗುರುತಿಸಿದರೆ, ಬೆಟ್ಟಕ್ಕೆ ಹೋಗದೆಯೇ ಅದರ ದೂರ ತಿಳಿಯುತ್ತದೆ. ಇಡೀ ದೇಶವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೆ ಬೆಳೆದದ್ದು ಇದೇ ದಾರಿಯಲ್ಲಿ. ಅವನ ಏಳು ಮೈಲಿ ಈ ಕ್ಯಾಮೆರಾದಲ್ಲಿ ನಾಲ್ಕು ಸೆಂಟಿಮೀಟರ್ ಆಗಿದೆ, ಅಷ್ಟೆ.

ನನಗಂತೂ ಮೊದಲ ದಿನವೇ ಬ್ಯಾಂಕಿನ ಸಂಜೆ ನೆನಪಾಯಿತು. ಕಂಪ್ಯೂಟರ್ ಇಲ್ಲದ ಕಾಲ. ಲೆಡ್ಜರಿನ ಮೊತ್ತ ಒಂದು ಕಡೆ, ಡೇ ಬುಕ್ಕಿನ ಮೊತ್ತ ಇನ್ನೊಂದು ಕಡೆ. ಎರಡೂ ತಾಳೆಯಾಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಹತ್ತು ಪೈಸೆ ತಪ್ಪಿದರೂ ರಾತ್ರಿ ಎಂಟು. ತಾಳೆಯಾದ ಕೂಡಲೇ ಬರುವ ನೆಮ್ಮದಿಯ ಉಸಿರು ಇದೆಯಲ್ಲ, ಈ ಕ್ಯಾಮೆರಾದ ಕಿಟಕಿಯಲ್ಲಿಯೂ ಅದೇ.

ಜಮೆ: ಇದರ ಗುಣಗಳು

ಮೊದಲ ಗುಣ, ಇದು ಯಾರ ಹಂಗಿನಲ್ಲೂ ಇಲ್ಲ. ಬ್ಯಾಟರಿ ಬೇಡ, ಕರೆಂಟು ಬೇಡ. ಒಳಗಿರುವುದೆಲ್ಲ ಹಲ್ಲುಚಕ್ರ, ಸ್ಪ್ರಿಂಗು, ಬಟ್ಟೆಯ ಪರದೆ. ಒಂದು ಸೆಕೆಂಡಿನಿಂದ ಸಾವಿರದ ಒಂದನೇ ಸೆಕೆಂಡಿನವರೆಗೆ ಪರದೆ ತೆರೆದು ಮುಚ್ಚುವ ಲೆಕ್ಕ ಸ್ಪ್ರಿಂಗಿನದೇ.

ಎರಡನೆಯದು, ಇದರೊಳಗೆ ಕನ್ನಡಿ ಇಲ್ಲ. ಎಸ್.ಎಲ್.ಆರ್. ಕ್ಯಾಮೆರಾಗಳಲ್ಲಿ ಲೆನ್ಸಿನ ನೋಟವನ್ನೇ ಕನ್ನಡಿಯೊಂದು ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದಾಗ ಅದು ಮೇಲಕ್ಕೆ ಹಾರುತ್ತದೆ. ಆ ಕ್ಷಣ ನೋಟ ಕತ್ತಲು. ರೇಂಜ್‌ಫೈಂಡರಿನಲ್ಲಿ ಹಾಗಿಲ್ಲ. ಚಿತ್ರ ಬೀಳುವ ಕ್ಷಣದಲ್ಲಿಯೂ ಎದುರಿಗಿರುವವರು ನಮಗೆ ಕಾಣುತ್ತಲೇ ಇರುತ್ತಾರೆ. ಕಣ್ಣು ಮುಚ್ಚಿದರೋ, ನಕ್ಕರೋ ಅಲ್ಲೇ ಗೊತ್ತಾಗುತ್ತದೆ. ಕನ್ನಡಿಯ ಸದ್ದು, ಅದುರುವಿಕೆ ಇಲ್ಲದ್ದರಿಂದ ಮಂದ ಬೆಳಕಿನಲ್ಲಿ ಕೈಯಲ್ಲಿ ಹಿಡಿದೇ ಚಿತ್ರ ತೆಗೆಯಬಹುದು.

ಮೂರನೆಯದು, ಇದು ಚಿಕ್ಕದು, ಜನರ ಮೇಲೆ ಎರಗುವುದಿಲ್ಲ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸ್ಸೋ ತನ್ನ ಲೈಕಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಅಂಟಿಸಿಕೊಂಡು, ಯಾರ ಗಮನಕ್ಕೂ ಬಾರದೆ ಬೀದಿಯ ಬದುಕನ್ನು ಸೆರೆಹಿಡಿದ. 1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿಯನ್ನು ಭೇಟಿ ಮಾಡಿ ಅವನು ಹೊರಬಂದ ಸ್ವಲ್ಪ ಹೊತ್ತಿಗೆಲ್ಲ ಅವರ ಹತ್ಯೆಯಾಯಿತು. ಆ ಸಂಜೆಯ, ಆಮೇಲಿನ ಅಂತ್ಯಯಾತ್ರೆಯ ಚಿತ್ರಗಳನ್ನು ಜಗತ್ತು ನೋಡಿದ್ದು ಅವನ ಕ್ಯಾಮೆರಾದಿಂದ.

ನಾಲ್ಕನೆಯದು ನನ್ನ ಲೆಕ್ಕ. ರೀಲಿನಲ್ಲಿ ಇರುವುದೇ 36. ಊಟಿಯಲ್ಲಿ ತಯಾರಾಗುತ್ತಿದ್ದ ನಮ್ಮದೇ ‘ಇಂದು’ ರೀಲಾಗಲಿ, ಪೂರ್ವ ಜರ್ಮನಿಯ ಓರ್ವೊ ಆಗಲಿ, ಗುಮಾಸ್ತನ ಸಂಬಳಕ್ಕೆ ಅಗ್ಗವೇನೂ ಅಲ್ಲ. ಹಾಗಾಗಿ ಗುಂಡಿ ಒತ್ತುವ ಮುನ್ನ ಮನುಷ್ಯ ನೋಡುತ್ತಿದ್ದ. ಬೆಳಕು ಎಲ್ಲಿಂದ ಬರುತ್ತಿದೆ, ಹಿಂದೆ ಏನಿದೆ, ಅಜ್ಜಿಯ ಸೆರಗು ಸರಿಯಿದೆಯೇ ಎಂದು ನೋಡುತ್ತಿದ್ದ. ಬೆಳಕು ಅಳೆಯುವ ಮೀಟರು ನನ್ನ ಜೋರ್ಕಿಯಲ್ಲಿಲ್ಲ. ಮಾವ ಕಲಿಸಿದ ಸೂತ್ರ ಒಂದೇ: ಸುಡು ಬಿಸಿಲಿದ್ದರೆ ಅಪರ್ಚರ್ 16, ವೇಗ ರೀಲಿನ ಮೇಲಿನ ಅಂಕಿಯಷ್ಟು. 125ರ ರೀಲಾದರೆ 125ನೇ ಒಂದು ಸೆಕೆಂಡ್. ಮೋಡ ಬಂದಷ್ಟೂ ಅಪರ್ಚರ್ ತೆರೆಯುತ್ತ ಹೋಗುವುದು. ಆಕಾಶ ನೋಡಿ ಲೆಕ್ಕ ಹಾಕುವುದನ್ನು ನಾನು ಕಲಿತದ್ದು ಹೀಗೆ.

ಖರ್ಚು: ಇದರ ದೋಷಗಳು

ಇನ್ನು ಇನ್ನೊಂದು ಪುಟ. ಈ ಕ್ಯಾಮೆರಾದಲ್ಲಿ ನಾವು ನೋಡುವುದು ಒಂದು ಕಿಟಕಿಯಿಂದ, ಚಿತ್ರ ಬೀಳುವುದು ಅದರ ಕೆಳಗಿರುವ ಲೆನ್ಸಿನಿಂದ. ದೂರದ ದೃಶ್ಯಕ್ಕೆ ತೊಂದರೆಯಿಲ್ಲ. ಹತ್ತಿರ ಹೋದರೆ ಎರಡೂ ಬೇರೆ ಬೇರೆ ಕಡೆ ನೋಡುತ್ತವೆ. ಕಿಟಕಿಯಲ್ಲಿ ತಲೆ ಪೂರ್ತಿ ಕಂಡರೂ ಚಿತ್ರದಲ್ಲಿ ಹಣೆಯಿಂದ ಮೇಲೆ ಹಾರಿಹೋಗಿರುತ್ತದೆ. ಒಳ್ಳೆಯ ಲೈಕಾಗಳಲ್ಲಿ ಇದನ್ನು ಸರಿದೂಗಿಸುವ ಗೆರೆಗಳಿವೆ. ಜೋರ್ಕಿಯಲ್ಲಿ ಅವಿಲ್ಲ, ಅಂದಾಜೇ ಗತಿ. ಒಂದು ಮೀಟರಿಗಿಂತ ಹತ್ತಿರದ ಹೂವು, ಚಿಟ್ಟೆ ಇದಕ್ಕೆ ಸಲ್ಲವು.

ಬಹು ದೂರದ್ದೂ ಆಗದು. ಉದ್ದನೆಯ ಲೆನ್ಸ್ ಹಾಕಿದರೆ ಈ ಪುಟ್ಟ ಅಳತೆಯಂತ್ರದ ನಿಖರತೆ ಸಾಲುವುದಿಲ್ಲ; 135 ಮಿಲಿಮೀಟರ್ ಲೆನ್ಸಿಗೇ ಅದರ ಎಲ್ಲೆ ಮುಗಿಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಕೂತು ತೆಗೆದಂಥ ಚಿತ್ರಗಳು ಈ ಕ್ಯಾಮೆರಾದಿಂದ ಆಗುವ ಕೆಲಸವಲ್ಲ. 1959ರಲ್ಲಿ ಜಪಾನಿನ ನಿಕಾನ್ ಎಫ್ ಎಂಬ ಎಸ್.ಎಲ್.ಆರ್. ಬಂದ ಮೇಲೆ ಪತ್ರಿಕಾ ಛಾಯಾಗ್ರಾಹಕರು ಒಬ್ಬೊಬ್ಬರಾಗಿ ರೇಂಜ್‌ಫೈಂಡರ್ ಬಿಟ್ಟದ್ದಕ್ಕೆ ಇದು ದೊಡ್ಡ ಕಾರಣ.

ಕನ್ನಡಿ ಇಲ್ಲದ್ದು ಗುಣ ಎಂದೆ. ಅದು ದೋಷವೂ ಹೌದು. ಲೆನ್ಸಿಗೂ ಬಟ್ಟೆಯ ಪರದೆಗೂ ನಡುವೆ ಏನೂ ಅಡ್ಡವಿಲ್ಲ. ಭೂತಗನ್ನಡಿಯಿಂದ ಕಾಗದ ಸುಟ್ಟಿದ್ದೀರಲ್ಲ? ಕ್ಯಾಮೆರಾವನ್ನು ಸೂರ್ಯನ ಕಡೆ ಮುಖ ಮಾಡಿ ಇಟ್ಟರೆ ಹಾಗೆಯೇ ಪರದೆಯಲ್ಲಿ ಸೂಜಿಮೊನೆಯಷ್ಟು ತೂತಾಗುತ್ತದೆ. ಆಮೇಲೆ ಚಿತ್ರಗಳಲ್ಲೆಲ್ಲ ಒಂದು ಬಿಳಿ ಚುಕ್ಕೆ.

ಎಲ್ಲಕ್ಕಿಂತ ದೊಡ್ಡ ದೋಷ, ಇದು ನಿಮ್ಮ ತಪ್ಪನ್ನು ಹೇಳುವುದಿಲ್ಲ. ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಕಿಟಕಿಯಲ್ಲಿ ಜಗತ್ತು ಝಗಝಗ ಕಾಣುತ್ತಿರುತ್ತದೆ. ಒಳಗೆ ರೀಲೇ ಇಲ್ಲದಿದ್ದರೂ ಗುಂಡಿ ‘ಚಿಕ್’ ಎನ್ನುತ್ತದೆ. ಇದರ ಬೆಲೆ ಎಷ್ಟೆಂದು ನಮ್ಮ ಮನೆಯಲ್ಲಿ ತಿಳಿದದ್ದು 1978ರಲ್ಲಿ.

ಮೂವತ್ತಾರು ಖಾಲಿ

1973ರಲ್ಲಿ ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಾಗ ಮಾವ ಈ ಕ್ಯಾಮೆರಾವನ್ನು ನನಗೇ ಕೊಟ್ಟುಬಿಟ್ಟರು. ಐದು ವರ್ಷಕ್ಕೆ ತಂಗಿಯ ಮದುವೆ ಬಂತು. ಆಗಿನ ಕುಂದಲಹಳ್ಳಿಯಲ್ಲಿ ಕೆರೆ, ರಾಗಿ ಹೊಲ, ಹೊಲದ ಆಚೆ ಇನ್ನೊಂದು ಹೊಲ. ಮನೆಯ ಮುಂದೆಯೇ ಚಪ್ಪರ. ಸ್ಟುಡಿಯೋದವರನ್ನು ಕರೆಸಲು ಅಪ್ಪ ಹೊರಟಿದ್ದರು. “ದುಡ್ಡು ಯಾಕೆ ದಂಡ? ನಾನೇ ತೆಗೆಯುತ್ತೇನೆ” ಎಂದು ತಡೆದವನು ನಾನು.

ಅಪ್ಪನಿಗೆ ಫೋಟೋ ಎಂದರೆ ಆಗದು. ಅದುವರೆಗೆ ಅವರು ತೆಗೆಸಿಕೊಂಡದ್ದು ಒಂದೇ, ಸೊಸೈಟಿ ಸಾಲದ ಅರ್ಜಿಗೆ ಬೇಕಾಗಿದ್ದ ಪಾಸ್‌ಪೋರ್ಟ್ ಅಳತೆಯದು. ಧಾರೆಯ ಹೊತ್ತಿನಲ್ಲಿ ನಾನು ಅವರ ಎದುರೇ ನಿಂತೆ. ಚಪ್ಪರದ ತೆಂಗಿನ ಗರಿಯ ಸಂದಿನಿಂದ ಬಿಸಿಲು ಅವರ ಮುಖದ ಮೇಲೆ ಬಿದ್ದಿತ್ತು. ಕಿಟಕಿಯ ವೃತ್ತದಲ್ಲಿ ಇಬ್ಬರಾಗಿದ್ದ ಅಪ್ಪ ಲೆನ್ಸ್ ತಿರುಗಿಸಿದಂತೆ ಒಬ್ಬರಾದರು. ತಂಗಿಯ ಕೈಯ ಮೇಲೆ ನೀರು ಬೀಳುತ್ತಿತ್ತು. ಅಪ್ಪನ ತುಟಿ ನಡುಗುತ್ತಿತ್ತು, ಕಣ್ಣು ತುಂಬಿತ್ತು. ಗುಂಡಿ ಒತ್ತಿದೆ. ಚಿಕ್.

ಅಂದು ಲೆಕ್ಕದ ಮುಳ್ಳು 36 ದಾಟಿದರೂ ಸುತ್ತುವ ಗುಂಡಿ ತಿರುಗುತ್ತಲೇ ಇತ್ತು. ಎರಡು ಮೂರು ಚಿತ್ರ ಹೆಚ್ಚಿಗೆ ಸಿಕ್ಕಿತೆಂದು ಹಿಗ್ಗಿದೆ. ಗುಮಾಸ್ತನ ಬುದ್ಧಿ! ರೀಲು ತೊಳೆದವರು ಮೂರು ದಿನದ ಮೇಲೆ ಉದ್ದನೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಏನೂ ಇಲ್ಲ. ರೀಲಿನ ಬಾಲ ಸುತ್ತುವ ಉರುಳೆಗೆ ಸಿಕ್ಕಿಕೊಂಡೇ ಇರಲಿಲ್ಲ. ಫಿಲ್ಮ್ ಇದ್ದಲ್ಲೇ ಇತ್ತು. ಎಣಿಕೆಯ ಮುಳ್ಳು ಮಾತ್ರ ಮುಂದೆ ಹೋಗುತ್ತಿತ್ತು. ಪುಸ್ತಕದಲ್ಲಿ ಮೂವತ್ತಾರು, ಪೆಟ್ಟಿಗೆಯಲ್ಲಿ ಸೊನ್ನೆ. ಇಡೀ ವೃತ್ತಿಜೀವನದಲ್ಲಿ ಅಂಥ ವ್ಯತ್ಯಾಸ ನನ್ನ ಕೈಯಿಂದ ಆಗಿರಲಿಲ್ಲ.

ತಂಗಿ ಒಂದು ಮಾತೂ ಆಡಲಿಲ್ಲ. ಮರುವರ್ಷ ಅಪ್ಪ ತೀರಿಕೊಂಡರು. ಗೋಡೆಗೆ ಹಾಕಲು ಸಾಲದ ಅರ್ಜಿಯ ಆ ಪುಟ್ಟ ಚಿತ್ರವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಅವರು ಸಾಲ ಕೇಳುವವರ ಹಾಗೆಯೇ ಇದ್ದಾರೆ. ನಾನು ಜೋರ್ಕಿಯನ್ನು ಚೀಲಕ್ಕೆ ಹಾಕಿ ಅಟ್ಟಕ್ಕೆ ಏರಿಸಿದೆ.

ನಿಮ್ಮ ಅಟ್ಟದಲ್ಲಿಯೂ ಇದ್ದರೆ

ಇಂಥ ಕ್ಯಾಮೆರಾ ನಿಮ್ಮ ಮನೆಯಲ್ಲಿಯೂ ಇರಬಹುದು. ಇದ್ದರೆ ಈ ನಾಲ್ಕು ಮಾತು ನೆನಪಿರಲಿ.

ಒಂದು, ರೀಲು ಹಾಕಿದ ಮೇಲೆ ಎಡಗಡೆಯ ಹಿಂದಕ್ಕೆ ಸುತ್ತುವ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ. ಆಮೇಲೆ ಪ್ರತಿ ಚಿತ್ರಕ್ಕೆ ಮುಂದಕ್ಕೆ ಸುತ್ತುವಾಗ ಆ ಎಡಗಡೆಯ ಗುಂಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ. ನನಗೆ 1978ರಲ್ಲಿ ತಿಳಿದಿರಬೇಕಿದ್ದದ್ದು ಇಷ್ಟೇ.

ಎರಡು, ಜೋರ್ಕಿ, ಫೆಡ್ ಥರದ ರಷ್ಯನ್ ಕ್ಯಾಮೆರಾ ಆದರೆ ಮೊದಲು ಮುಂದಕ್ಕೆ ಸುತ್ತಿ, ಆಮೇಲೆ ವೇಗದ ಚಕ್ರ ತಿರುಗಿಸಿ. ಅದಲು ಬದಲಾದರೆ ಒಳಗಿನ ಯಂತ್ರ ಕೆಡಬಹುದು.

ಮೂರು, ಚರ್ಮದ ಚೀಲದಲ್ಲಿಟ್ಟು ಮರೆಯಬೇಡಿ. ಮಳೆಗಾಲದ ತೇವಕ್ಕೆ ಲೆನ್ಸಿನ ಮೇಲೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ.

ನಾಲ್ಕು, ಬಿಂಬಗಳು ತಾಳೆಯಾಗದಿದ್ದರೆ ನೀವೇ ಬಿಚ್ಚಬೇಡಿ. ಕೆಲಸ ಬಲ್ಲ ಹಳಬರು ಇನ್ನೂ ಇದ್ದಾರೆ.

ಈ ಸಲದ ರೀಲು

ಮೊಮ್ಮಗಳು ಪಟ್ಟು ಬಿಡಲಿಲ್ಲ. ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಚಿಕ್ಕಪೇಟೆಯ ಕಡೆ ಒಬ್ಬ ಹಳೆಯ ರಿಪೇರಿಯವರನ್ನು ಹುಡುಕಿದೆವು. ಅವರು ಬೂಷ್ಟು ಒರೆಸಿ, ವೃತ್ತ ಸರಿಮಾಡಿ, ಎಣ್ಣೆ ಹಾಕಿ ಕೊಟ್ಟರು. ಈಗಿನ ಒಂದು ರೀಲಿನ ಬೆಲೆಗೆ ಇಬ್ಬರು ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡು ಬರಬಹುದು. ಆದರೂ ಕೊಂಡೆವು. ಹಾಕುವಾಗ ಅವಳು ಬಾಲವನ್ನು ಉರುಳೆಗೆ ಸಿಕ್ಕಿಸಿದಳು, ನಾನು ಎಡಗಡೆಯ ಗುಂಡಿ ನೋಡಿದೆ. ಅದು ತಿರುಗಿತು. ಇನ್ನೂ ಒಂದು ಸಲ ಸುತ್ತಿಸಿ ನೋಡಿದೆ.

ಆ ಭಾನುವಾರ ತಂಗಿ ಬಂದಿದ್ದಳು. ಅವಳಿಗೂ ಈಗ ಮೊಮ್ಮಕ್ಕಳು. ಕ್ಯಾಮೆರಾ ನೋಡಿ, “ಇದಿನ್ನೂ ಇದೆಯಾ ಅಣ್ಣ?” ಎಂದಳು. ಅಷ್ಟೇ. ನಲವತ್ತೇಳು ವರ್ಷದಿಂದ ನುಂಗಿಕೊಂಡದ್ದನ್ನು ನಾನು ಅಂದು ಬಾಯಿಬಿಟ್ಟೆ.

“ನಿನ್ನ ಧಾರೆಯಲ್ಲಿ ಅಪ್ಪ ಅಳುತ್ತಿದ್ದರು. ಕ್ಯಾಮೆರಾದಲ್ಲಿ ನೋಡಿದೆ. ಚಿತ್ರ ಬರಲಿಲ್ಲ, ಆದರೆ ನಾನು ನೋಡಿದೆ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಾನು ತಲೆ ಬಗ್ಗಿಸಿದ್ದೆ. ಅವರ ಕೈ ಮಾತ್ರ ಕಾಣ್ತಿತ್ತು” ಎಂದಳು. ಆಮೇಲೆ, “ಅಪ್ಪ ನಿಜವಾಗಲೂ ಅತ್ತರಾ?” ಎಂದು ಕೇಳಿದಳು.

“ಹೂಂ. ತುಟಿ ನಡುಗುತ್ತಿತ್ತು.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗಲೇ ಪಕ್ಕದಿಂದ ‘ಚಿಕ್’ ಎಂದಿತು.

ರೀಲು ತೊಳೆದು ಬಂತು. 36ರಲ್ಲಿ 29 ಬಂದಿವೆ. ಕೆಲವು ಮಸುಕು, ಎರಡರಲ್ಲಿ ಮೊಮ್ಮಗಳ ಬೆರಳು, ಕೆರೆಯ ಚಿತ್ರದ ಹಿಂದೆ ಅಪಾರ್ಟ್‌ಮೆಂಟುಗಳ ಸಾಲು. ತಂಗಿಯ ಚಿತ್ರವನ್ನು ಅವಳು ತೀರ ಹತ್ತಿರದಿಂದ ತೆಗೆದಿದ್ದಳು. ಹಣೆಯ ಮೇಲ್ಭಾಗ ಹಾರಿಹೋಗಿದೆ. ಕಣ್ಣು, ಕಣ್ಣಿನ ಹತ್ತಿರದ ಸೆರಗು ಸ್ಪಷ್ಟವಾಗಿವೆ.

ತಂಗಿಗೆ ಒಂದು ಪ್ರತಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, “ತಲೆ ಹೋದರೂ ಪರವಾಗಿಲ್ಲ ಅಣ್ಣ, ಈ ಸಲ ರೀಲು ಓಡಿದೆಯಲ್ಲ” ಎಂದಳು. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಆ ಮಾತಿಗೆ ನಕ್ಕೆವು.